ತಲೆಕೆಳಗಾಗಿ ಇಳಿಯೋ ಹಕ್ಕಿ

ಮರ ಹತ್ತೋ ಹಕ್ಕಿಗಳು ಬೇಕಾದಷ್ಟಿವೆ. ತಲೆಕೆಳಗಾಗಿ ಸರಸರ ಇಳಿಯೋದು ಮಾತ್ರ ಎಲ್ಲಕ್ಕೂ ಬರಲ್ಲ. ಅದು ಬರೋ ಹಕ್ಕಿಗಳಲ್ಲೊಂದು ಈ ವೆಲ್ವೆಟ್ ಫ್ರಂಟೆಡ್ ನಟ್‌ಹ್ಯಾಚ್. ನಮ್ಮ ಪಶ್ಚಿಮ ಘಟ್ಟದ ಕಾಡಲ್ಲೂ ಇದೆ. ಉದ್ದ ಸುಮಾರು 12 ಸೆಂಟಿಮೀಟರ್, ಗುಬ್ಬಿಗಿಂತ ಚಿಕ್ಕದು. ನೇರಳೆ ಛಾಯೆಯ ನೀಲಿ ಬೆನ್ನು, ಕೆಂಪು ಕೊಕ್ಕು, ಹಳದಿ ಕಣ್ಣು, ಮಖಮಲ್ಲಿನಂಥ ಕಪ್ಪು ಹಣೆ. ಕಣ್ಣಿನ ಹಿಂದಕ್ಕೆ ಕಪ್ಪು ಹುಬ್ಬು ಎಳೆದಂತಿದ್ದರೆ ಗಂಡು.

ಈಗ ಕಾಲು ನೋಡಿ. ಮರಕುಟಿಗ ಗಟ್ಟಿ ಬಾಲವನ್ನು ಕಾಂಡಕ್ಕೆ ಊರಿ ನಿಲ್ಲುತ್ತೆ. ಇದರ ಬಾಲ ಮೋಟು, ಆ ಕೆಲಸಕ್ಕೆ ಬರಲ್ಲ. ಅದಕ್ಕೇ ಒಂದು ಕಾಲು ಮೇಲೆ, ಒಂದು ಕೆಳಗೆ. ಮೇಲಿನದು ತೊಗಟೆಗೆ ಉಗುರು ಸಿಕ್ಕಿಸಿ ಭಾರ ಹಿಡಿಯುತ್ತೆ, ಕೆಳಗಿನದು ಆಸರೆ. ಹೀಗೆ ಇಳಿಯುವಾಗ, ಹತ್ತೋ ಹಕ್ಕಿಗಳ ಕಣ್ಣು ತಪ್ಪಿಸಿಕೊಂಡ ಹುಳ, ಜೇಡ ಇದಕ್ಕೆ ಸಿಗುತ್ತವೆ ಅನ್ನಿ!

ಗೂಡು ಮರದ ಪೊಟರೆಯಲ್ಲಿ. ಒಳಗೆ ಪಾಚಿ, ಕೂದಲು, ಗರಿಯ ಹಾಸು.