ತುಡಿಯ ಋಣ

ಹೆಗ್ಗಡದೇವನಕೋಟೆ, ಅಂತರಸಂತೆ ದಾಟಿ ಬಾವಲಿಯ ಚೆಕ್‌ಪೋಸ್ಟಿಗೆ ಬಂದರೆ ಕರ್ನಾಟಕ ಮುಗಿಯಿತು. ಆದರೆ ಕಾಡಿಗೆ ಅದು ಗೊತ್ತಿಲ್ಲ, ಕಾಡಿನ ಜನಕ್ಕೂ ಅಷ್ಟೆ. ಆಚೆ ಬದಿಯ ವಯನಾಡಿನಲ್ಲಿರುವ ಕಾಟ್ಟುನಾಯ್ಕರು ನಮ್ಮ ಜೇನುಕುರುಬರ ಹತ್ತಿರದ ಬಳಗ. ಅಲ್ಲಿ ಅವರಿಗೆ ತೇನ್ ಕುರುಮರೆಂಬ ಹೆಸರೂ ಇದೆ. ಅವರ ಮಾತಿನಲ್ಲಿ ಕನ್ನಡದ ಕಿವಿಗೆ ಅಲ್ಲಲ್ಲಿ ಹಳೆಯ ಪರಿಚಯದ ಪದಗಳು ಸಿಗುತ್ತವೆ. ಕೊಡಗಿನ ಕಾಫಿ ತೋಟಗಳಲ್ಲಿ ಎರವರೆನಿಸಿಕೊಂಡವರು ಅಲ್ಲಿ ಅಡಿಯರು. ಅಡಿಯ ಎಂದರೆ ಆಳು, ಜೀತದವನು. ಅದು ಬೇರೆಯವರು ಇಟ್ಟ ಹೆಸರು. ತಮ್ಮನ್ನು ತಾವು ಅವರು ಕರೆದುಕೊಳ್ಳುವುದು ರಾವುಳರೆಂದು.

ಈ ಜನರ ಹಾಡು-ಕುಣಿತದಿಂದ ನಾಟಕ ಕಟ್ಟಿ, ಆ ನಾಟಕಕ್ಕಾಗಿ ಜೈಲು ಕಂಡು, ಕೊನೆಗೆ ಅವರ ಮಕ್ಕಳಿಗಾಗಿ ಒಂದು ಶಾಲೆಯನ್ನೇ ತೆರೆದವರು ಕೆ.ಜೆ. ಬೇಬಿ. ನಾಟಕಕಾರ, ಕಾದಂಬರಿಕಾರ, ಹಾಡುಗಾರ, ಸಿನಿಮಾ ನಿರ್ದೇಶಕ. ಕನ್ನಡದಲ್ಲಿ ಅವರ ಹೆಸರು ಹೆಚ್ಚು ಕೇಳಿಬಂದಿಲ್ಲ. ಗಡಿಯಿಂದ ಇಷ್ಟು ಸಮೀಪದಲ್ಲಿ ನಡೆದ ಕೆಲಸ ನಮಗೆ ಇಷ್ಟು ದೂರ ಉಳಿದದ್ದು ನನಗೆ ನಿಜಕ್ಕೂ ನೋವಿನ ವಿಷಯ.

ಬೇಬಿ ಹುಟ್ಟಿದ್ದು 1954ರಲ್ಲಿ, ಕಣ್ಣೂರು ಜಿಲ್ಲೆಯ ಮಾವಿಲಾಯಿಯಲ್ಲಿ. ಎಪ್ಪತ್ತರ ದಶಕದಲ್ಲಿ ಅವರ ಕುಟುಂಬ ವಯನಾಡಿಗೆ ಬಂದು ನೆಲೆಸಿತು. ಆಗ ಸಾವಿರಾರು ಕುಟುಂಬಗಳು ಹೀಗೆ ಘಟ್ಟ ಹತ್ತಿ ಬಂದು ಕಾಡು ಕಡಿದು ಮೆಣಸು, ಕಾಫಿ ಬೆಳೆದವು. ಅಂಥ ವಲಸಿಗರ ಮನೆಯ ಹುಡುಗನೊಬ್ಬ, ತಾನು ಕಾಲಿಟ್ಟ ನೆಲ ಮೊದಲು ಯಾರದಾಗಿತ್ತು ಎಂದು ಕೇಳಿಕೊಂಡ. ಅವರು ಮುಂದೆ ಮಾಡಿದ ಕೆಲಸವನ್ನೆಲ್ಲ ನಾನು ನೋಡುವುದು ಈ ಪ್ರಶ್ನೆಯ ಬೆಳಕಿನಲ್ಲಿ.

ಮಾನಂದವಾಡಿಯ ಹತ್ತಿರ, ಹೊಳೆ ದಂಡೆಯ ಮೇಲೆ ವಳ್ಳಿಯೂರ್‌ಕಾವು ಭಗವತಿಯ ಗುಡಿ ಇದೆ. ಮಾರ್ಚ್ ತಿಂಗಳಲ್ಲಿ ಹದಿನಾಲ್ಕು ದಿನದ ಜಾತ್ರೆ. ಬಳೆ, ಬತ್ತಾಸು, ತೊಟ್ಟಿಲಿನ ಜಾತ್ರೆ ಎಂದುಕೊಳ್ಳಬೇಡಿ. ಒಂದು ಕಾಲಕ್ಕೆ ಇಲ್ಲಿ ಮನುಷ್ಯರ ವ್ಯವಹಾರವೇ ಕುದುರುತ್ತಿತ್ತು. ಜಮೀನ್ದಾರರು ವಯನಾಡಿನ ಮತ್ತೊಂದು ಆದಿವಾಸಿ ಸಮುದಾಯವಾದ ಪಣಿಯರನ್ನೂ ಅಡಿಯರನ್ನೂ ದೇವಿಯ ಎದುರು ಒಂದು ವರ್ಷದ ದುಡಿಮೆಗೆ ಗೊತ್ತು ಮಾಡಿಕೊಳ್ಳುತ್ತಿದ್ದರು. ಕೈಗೆ ಒಂದಿಷ್ಟು ಮುಂಗಡ. ಅದಕ್ಕೆ ನಿಪ್ಪು ಪಣ ಎಂಬ ಹೆಸರು. ನಿಲ್ಲುವುದಕ್ಕೆ ಕೊಟ್ಟ ಹಣ ಎಂದು ನಾವು ಅರ್ಥ ಮಾಡಿಕೊಳ್ಳಬಹುದು. ಅದನ್ನು ಪಡೆದವನು ಮುಂದಿನ ಜಾತ್ರೆಯವರೆಗೆ ಆ ಗದ್ದೆ ಬಿಟ್ಟು ಕದಲುವಂತಿಲ್ಲ. ದೇವಿಯೇ ಸಾಕ್ಷಿಯಾದ ಮೇಲೆ ಕಾಗದಪತ್ರ ಬೇಕಿರಲಿಲ್ಲ. ಜೀತಪದ್ಧತಿ ರದ್ದು ಮಾಡುವ ಕಾನೂನು ದೇಶಕ್ಕೆ ಬಂದದ್ದು 1976ರಲ್ಲಿ.

ಅಡಿಯರಲ್ಲಿ ಗದ್ದಿಕ ಎಂಬ ಆಚರಣೆಯಿದೆ. ರೋಗ ಬಂದಾಗ, ಹೆರಿಗೆ ಕಷ್ಟವಾದಾಗ ಗದ್ದಿಕದವರು ಬಂದು ತುಡಿ ಬಾರಿಸುತ್ತ, ಕೊಳಲೂದುತ್ತ, ಹಾಡುತ್ತ ಕೇಡನ್ನು ಹೊರಗಟ್ಟುತ್ತಾರೆ. ಗಂಡಸರು ಹೆಣ್ಣುವೇಷ ತೊಟ್ಟು ಕುಣಿಯುವುದೂ ಇದೆ. ತುಡಿ ಚಿಕ್ಕ ಚರ್ಮವಾದ್ಯ. ಆದರೆ ಅದರ ಒಂದೇ ಸಮನಾದ ಬಡಿತ ರಾತ್ರಿಯ ಹೊತ್ತು ಬಹುದೂರಕ್ಕೆ ಕೇಳುತ್ತದೆ. ಒಂದು ಮನೆಗೆ, ಒಂದು ಕೇರಿಗೆ ಹಿಡಿದ ಪೀಡೆಯನ್ನು ಬಿಡಿಸುವ ಈ ಗದ್ದಿಕವನ್ನು ಬೇಬಿ ಇಡೀ ನಾಡಿಗೆ ಹಿಡಿದ ಪೀಡೆಯನ್ನು ಬಿಡಿಸುವ ನಾಟಕವಾಗಿಸಿದರು. ಅದೇ ‘ನಾಡುಗದ್ದಿಕ’. ಪರದೆ ಬೇಡ, ರಂಗಮಂದಿರ ಬೇಡ, ಬಯಲು ಸಾಕು. ಜೀತ ಮಾಡಿದ ಮನೆಗಳಿಂದ ಬಂದವರೇ ಜೀತದ ಕತೆಯನ್ನು ಕುಣಿದು ಹೇಳಿದರು.

ಕರ್ನಾಟಕದಲ್ಲಿ ‘ಸಮುದಾಯ’ ರಂಗತಂಡದವರು ಜಾಥಾ ಹೊರಟು ಬೀದಿನಾಟಕ ಆಡುತ್ತಿದ್ದ ಕಾಲವೂ ಇದೇ. ಕೇರಳದಲ್ಲಿ ಎಡಪಂಥೀಯ ಸಂಘಟನೆಯಾದ ಜನಕೀಯ ಸಾಂಸ್ಕಾರಿಕ ವೇದಿಯ ಬಿಸಿ ಇತ್ತು. ತಿರುನೆಲ್ಲಿಯ ಕಾಡಿನಲ್ಲಿ 1970ರ ಫೆಬ್ರುವರಿಯಲ್ಲಿ ನಕ್ಸಲ್ ನಾಯಕ ವರ್ಗೀಸರನ್ನು ಪೊಲೀಸರು ಕೊಂದ ನೆನಪು ಇನ್ನೂ ಹಸಿಯಾಗಿತ್ತು. 1981ರಲ್ಲಿ ಕಲ್ಲಿಕೋಟೆಯಲ್ಲಿ ಈ ನಾಟಕಕ್ಕಾಗಿ ಪೊಲೀಸರು ಬೇಬಿಯನ್ನೂ ತಂಡದವರನ್ನೂ ಬಂಧಿಸಿದರು.

ಜೈಲಿನಿಂದ ಹೊರಬಂದ ಕಲಾವಿದ ಬರೆಯುವುದನ್ನು ಬಿಡಲಿಲ್ಲ. ಅಡಿಯರ ಗುಲಾಮಗಿರಿಯ ಇತಿಹಾಸವನ್ನೇ ಹಿಡಿದು ಬರೆದ ಕಾದಂಬರಿ ‘ಮಾವೇಲಿಮನ್ರಂ’ಗೆ ಕೇರಳ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಬ್ಬ ಲೇಖಕನಿಗೆ ಇಷ್ಟು ಸಾಕಾಗಬಹುದಿತ್ತು. ಆದರೆ ಹಾಡು ಕೊಟ್ಟವರ ಮಕ್ಕಳು ಶಾಲೆಯ ಕೊನೆಯ ಬೆಂಚಿನಲ್ಲಿ ಕೂತು, ಅರ್ಥವಾಗದ ಮಲಯಾಳದಲ್ಲಿ ಪಾಠ ಕೇಳಿ, ಬೈಗುಳ ತಿಂದು, ಮೂರನೆಯದೋ ನಾಲ್ಕನೆಯದೋ ತರಗತಿಗೆ ಮನೆಗೆ ಮರಳುತ್ತಿದ್ದರು. 2011ರ ಜನಗಣತಿಯಲ್ಲಿ ವಯನಾಡಿನ ಜನರಲ್ಲಿ ಶೇ 18ಕ್ಕೂ ಹೆಚ್ಚು ಆದಿವಾಸಿಗಳು. ಕೇರಳದ ಬೇರೆ ಯಾವ ಜಿಲ್ಲೆಯಲ್ಲೂ ಈ ಪ್ರಮಾಣವಿಲ್ಲ. ಸಾಕ್ಷರತೆಗೆ ಹೆಸರಾದ ರಾಜ್ಯದೊಳಗೆ ಹೀಗೊಂದು ಮೂಲೆ.

ಬೇಬಿ ಮತ್ತು ಅವರ ಪತ್ನಿ ಶೆರ್ಲಿ 1994ರಲ್ಲಿ ನಡವಯಲ್‌ನಲ್ಲಿ ‘ಕನವು’ ಆರಂಭಿಸಿದರು. ಮಲಯಾಳದ ಕನವು ಎಂದರೆ ಕನಸು, ನಮ್ಮ ಕನವರಿಕೆಯ ಒಡಹುಟ್ಟು. ಶಾಲೆ ಎನ್ನುವುದಕ್ಕಿಂತ ಅದನ್ನು ಒಂದು ದೊಡ್ಡ ಮನೆ ಎನ್ನಬೇಕು. ಪಣಿಯ, ಕಾಟ್ಟುನಾಯ್ಕ ಮೊದಲಾದ ಸಮುದಾಯಗಳ ಮಕ್ಕಳು ಅಲ್ಲೇ ಉಂಡು, ಅಲ್ಲೇ ಮಲಗಿ ಬೆಳೆದರು. ಕಳರಿಪಯಟ್ಟು, ಹಾಡು, ಕುಣಿತ, ನಾಟಕ, ಬೇಸಾಯ, ಜೊತೆಗೆ ಅಕ್ಷರ. ಮನೆಮಾತಿನ ಹಾಡನ್ನು ಅಲ್ಲಿ ಯಾರೂ ‘ಕಾಡುಮಾತು’ ಎಂದು ಹೀಯಾಳಿಸಲಿಲ್ಲ. ಅಜ್ಜಿಯಿಂದ ಕಲಿತ ಹಾಡು ಎಲ್ಲರೂ ಕೂತು ಕಲಿಯಬೇಕಾದ ಪಾಠವೂ ಹೌದು ಎಂದು ಗೊತ್ತಾದ ಮಗುವಿನ ಬೆನ್ನು ಹೇಗೆ ನೆಟ್ಟಗಾಗುತ್ತದೆ ಎಂಬುದನ್ನು ಬಿಳಿಗಿರಿರಂಗನ ಬೆಟ್ಟದಲ್ಲಿ, ಹೊಸಹಳ್ಳಿಯಲ್ಲಿ ಸೋಲಿಗ, ಜೇನುಕುರುಬ ಮಕ್ಕಳ ಶಾಲೆಗಳನ್ನು ಕಂಡವರು ಬಲ್ಲರು.

ಕನವಿನ ಮಕ್ಕಳ ತಂಡ ಊರೂರು ತಿರುಗಿ ಹಾಡಿತು, ಕುಣಿಯಿತು. ಹಿತೈಷಿಗಳ ನೆರವಿನ ಜೊತೆಗೆ ಆ ಕಲೆಯೇ ಮನೆಯ ಆಸರೆಯಾಯಿತು. ಕಲೆಯಿಂದ ನೊಂದವರಿಗೆ ನೆರವಾಗುವ ದಾರಿಗಳು ಹಲವು. 2018ರ ಪ್ರವಾಹದ ನಂತರ ಕೊಚ್ಚಿ ಬಿನಾಲೆ ಪ್ರತಿಷ್ಠಾನ ಚಿತ್ರ, ಶಿಲ್ಪಗಳನ್ನು ಹರಾಜಿಗಿಟ್ಟು ಪರಿಹಾರಕ್ಕೆ ಹಣ ಕೂಡಿಸಿತು. ಅದು ದೊಡ್ಡ ಕೆಲಸ, ಸಂದೇಹವಿಲ್ಲ. ಬೇಬಿಯ ದಾರಿ ಇನ್ನೂ ನಿಧಾನದ್ದು. ಕಲೆಯನ್ನು ಮಾರಿ ಬಂದದ್ದನ್ನು ದಾನ ಕೊಡುವ ಬದಲು ಕಲೆಯನ್ನೇ ಮಕ್ಕಳ ಕೈಗೆ ಹಿಂದಿರುಗಿಸುವುದು. ನನ್ನ ಮಟ್ಟಿಗೆ ಅದು ದಾನವಲ್ಲ, ಋಣ. ತುಡಿ ಮೊದಲು ಅವರದೇ ಆಗಿತ್ತಲ್ಲ!

2003ರಲ್ಲಿ ಬೇಬಿ ‘ಗುಡ’ ಚಿತ್ರ ಮಾಡಿದರು. ಮೈನೆರೆದ ಹುಡುಗಿಯನ್ನು ಬೇರೆ ಇರಿಸುವ ಗುಡಿಸಲಿನ ಕತೆ. ಮಾತು ಮಲಯಾಳವಲ್ಲ, ಆದಿವಾಸಿಗಳದು. ನಮ್ಮ ಹಾಡಿಗಳಲ್ಲಿ ಇದನ್ನು ತೋರಿಸುವ ಕೆಲಸ ಯಾರಾದರೂ ಮಾಡಬೇಕು.

ಕನವನ್ನು ಅವರು ಕೊನೆಯವರೆಗೆ ಹಿಡಿದು ಕೂರಲಿಲ್ಲ ಎಂಬುದು ನನಗೆ ಎಲ್ಲಕ್ಕಿಂತ ಹಿರಿದಾಗಿ ಕಾಣುತ್ತದೆ. ಅಲ್ಲೇ ಬೆಳೆದು ದೊಡ್ಡವರಾದವರಿಗೆ ಹೊಣೆ ವಹಿಸಿ ಪಕ್ಕಕ್ಕೆ ಸರಿದರು. ಕಟ್ಟಿದವರು ಬಿಟ್ಟುಕೊಡುವುದು ನಮ್ಮ ಸಂಸ್ಥೆಗಳಲ್ಲಿ ಎಷ್ಟು ಅಪರೂಪ! ಆಮೇಲೂ ಬರೆದರು, ‘ಗುಡ್‌ಬೈ ಮಲಬಾರ್’ ಕಾದಂಬರಿಯಲ್ಲಿ ಬ್ರಿಟಿಷ್ ಅಧಿಕಾರಿ ವಿಲಿಯಂ ಲೋಗನ್ನನ ಕಾಲದ ಮಲಬಾರಿಗೆ ಹೋದರು. 2021ರಲ್ಲಿ ಶೆರ್ಲಿ ತೀರಿಕೊಂಡರು. 2024ರ ಜುಲೈ 30ರಂದು ಭೂಕುಸಿತದಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಮಣ್ಣುಪಾಲಾದವು. ಆ ದುಃಖ ಆರುವ ಮೊದಲೇ, ಸೆಪ್ಟೆಂಬರ್ 1ರಂದು, ಬೇಬಿಯೂ ಹೋದರು.

ಕನವಿನಲ್ಲಿ ಬೆಳೆದ ಪಣಿಯ ಸಮುದಾಯದ ಲೀಲಾ ಸಂತೋಷ್ ಕೇರಳದ ಮೊದಲ ಆದಿವಾಸಿ ಮಹಿಳಾ ನಿರ್ದೇಶಕಿ ಎನಿಸಿಕೊಂಡಿದ್ದಾರೆ. ಅವರ ಸಾಕ್ಷ್ಯಚಿತ್ರದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ, ನೆರಳು ಕಳೆದುಕೊಳ್ಳುತ್ತಿರುವ ಬುಡಕಟ್ಟು ನೆಲ. ವಲಸೆ ಬಂದ ಮನೆಯ ಹುಡುಗನೊಬ್ಬ ಒಮ್ಮೆ ಕೇಳಿಕೊಂಡದ್ದನ್ನು ಈಗ ಆ ನೆಲದ ಮಗಳೇ ಕ್ಯಾಮೆರಾ ಹಿಡಿದು ಕೇಳುತ್ತಿದ್ದಾರೆ.