ಲೇಬಲ್ ಕಾಣದೆ ರುಚಿ ನೋಡುವುದು: ಒಂದು ಅಮೆರಿಕನ್ ವಿಸ್ಕಿ ಕಲಿಸಿದ ಪಾಠ



ಸಂಘದ ಪತ್ರಿಕೆಯಲ್ಲಿ ವಿಸ್ಕಿಯ ಮಾತೇಕೆಂದು ಕೆಲವರು ಹುಬ್ಬೇರಿಸಬಹುದು. ಕುಡಿತಕ್ಕೆ ಪ್ರೋತ್ಸಾಹ ಕೊಡುವುದು ನನ್ನ ಉದ್ದೇಶವಲ್ಲ. ವಿಷಯ ರುಚಿಯನ್ನು ನಿರ್ಣಯಿಸುವ ಕ್ರಮಕ್ಕೆ ಸಂಬಂಧಿಸಿದ್ದು. ಕೊನೆಗೆ ಅದು ನಮ್ಮ ಕಾಫಿಯ ಮಾದರಿಗಳ ಬಳಿಗೇ ಬಂದು ನಿಲ್ಲುತ್ತದೆ.

ಕಳೆದ ಮಳೆಗಾಲದಲ್ಲಿ ಅಮೆರಿಕದಿಂದ ಬಂದಿದ್ದ ಬಂಧುವೊಬ್ಬರು ಮೂರು ಲೋಟಗಳಲ್ಲಿ ಮೂರು ವಿಸ್ಕಿಗಳನ್ನಿಟ್ಟು, ಸೀಸೆಗಳನ್ನು ಒಳಗೇ ಬಿಟ್ಟು, "ಯಾವುದು ಏನೆಂದು ಹೇಳಿ" ಎಂದರು. ಮೂವತ್ತು ವರ್ಷ ಕಾಫಿ ಮೂಸಿದವನೆಂಬ ಹಮ್ಮು ನನಗೆ. ಎರಡನೆಯ ಲೋಟದ್ದು ಗಾಢವಾದ ಕೆಂಗಂದು ಬಣ್ಣ. "ಇದು ಹಳೆಯ ಸ್ಕಾಚ್, ಹದಿನೆಂಟು ವರ್ಷಕ್ಕೆ ಕಡಿಮೆಯಿಲ್ಲ" ಎಂದೆ. ಸೀಸೆ ಹೊರಗೆ ಬಂತು: ಕೆಂಟಕಿ ರಾಜ್ಯದ ರಿಟನ್‌ಹೌಸ್ ರೈ. ನಾನು ಹೆಸರನ್ನೇ ಕೇಳಿರಲಿಲ್ಲ.

ತಪ್ಪಿದ್ದೆಲ್ಲಿ? ನಾಲಗೆಗೆ ಮೊದಲೇ ಕಣ್ಣು ತೀರ್ಪು ಕೊಟ್ಟಿತ್ತು. ಸ್ಕಾಚ್ ಬಹುಪಾಲು ಒಮ್ಮೆ ಬಳಸಿದ ಪೀಪಾಯಿಗಳಲ್ಲಿ ಮಾಗುತ್ತದೆ. ಅಮೆರಿಕದ ಬರ್ಬನ್ ಮತ್ತು ರೈ ವಿಸ್ಕಿಗಳನ್ನಾದರೋ ಕಾನೂನಿನಂತೆ ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಗಳಲ್ಲೇ ಇಡಬೇಕು. ಹೊಸ ಮರವೂ ಕೆಂಟಕಿಯ ಬೇಸಗೆಯ ಸೆಕೆಯೂ ಸೇರಿದಾಗ ಬಣ್ಣ ಬೇಗ ಇಳಿಯುತ್ತದೆ. ಮರದ ಲಿಗ್ನಿನ್ ಒಡೆದು ವೆನಿಲಾ ಪರಿಮಳ ಬರುತ್ತದೆ. ಹೊಗೆಯ ವಾಸನೆ ಕೊಡುವ ಗ್ವಾಯಕಾಲ್ ಎಂಬ ವಸ್ತು ಹುರಿದ ಕಾಫಿಯಲ್ಲೂ ಇದೆ. ಓಕಿನ ಟ್ಯಾನಿನ್ ನಾಲಗೆಯನ್ನು ಹಿಡಿಯುವ ರೀತಿ ಅಡಿಕೆಯ ಒಗರನ್ನು ಬಲ್ಲ ನಮಗೆ ಹೊಸದಲ್ಲ.

ಉಳಿದದ್ದು ಧಾನ್ಯದ ಗುಣ. ಬರ್ಬನ್‌ನಲ್ಲಿ ಕನಿಷ್ಠ ಶೇ. 51 ಮುಸುಕಿನ ಜೋಳವಿರಬೇಕು, ಅದರಿಂದ ಸಿಹಿ. ರೈ ವಿಸ್ಕಿಯಲ್ಲಿ ಕನಿಷ್ಠ ಶೇ. 51 ರೈ ಧಾನ್ಯ. ಅದರಿಂದ ಮೆಣಸು, ಲವಂಗದಂಥ ಖಾರ. ಆ ಖಾರ ನನ್ನ ನಾಲಗೆಗೆ ತಾಗಿತ್ತು. ಬಣ್ಣ ನೋಡಿದ ಮನಸ್ಸು ಅದನ್ನು ಕಡೆಗಣಿಸಿತು. ಸೀಸೆಯ ಮೇಲೆ 'ಬಾಟಲ್ಡ್ ಇನ್ ಬಾಂಡ್' ಎಂದಿತ್ತು. ಬಣ್ಣ ಬೆರೆಸಿ ಮಾರುವವರ ಹಾವಳಿ ತಡೆಯಲು 1897ರಲ್ಲಿ ಅಮೆರಿಕದಲ್ಲಿ ಬಂದ ಕಾನೂನು ಅದು. ಒಂದೇ ಭಟ್ಟಿ, ಒಂದೇ ಹಂಗಾಮು, ಕನಿಷ್ಠ 4 ವರ್ಷ, ಶೇ. 50 ಮದ್ಯಸಾರ ಎಂಬುದು ಅದರ ಷರತ್ತು.

ಇದು ನನ್ನೊಬ್ಬನ ದೌರ್ಬಲ್ಯವಲ್ಲ. ಫ್ರಾನ್ಸಿನ ಬೋರ್ಡೊದಲ್ಲಿ ದ್ರಾಕ್ಷಾರಸಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟಾಗ, ಅವರು ಅದನ್ನು ಕೆಂಪು ವೈನಿನ ಮಾತುಗಳಲ್ಲೇ ವರ್ಣಿಸಿದರು. ಈ ಪ್ರಯೋಗ 2001ರಲ್ಲಿ ಪ್ರಕಟವಾಯಿತು.

ಸರಿಯಾದ ಕ್ರಮ ಹೀಗಿದೆ:

1. ಸುರಿಯುವವನು ಬೇರೆ, ರುಚಿ ನೋಡುವವನು ಬೇರೆ ಇರಬೇಕು. ಲೋಟಗಳು ಒಂದೇ ತೆರನಾಗಿರಲಿ; ಅವುಗಳಿಗೆ ಸಂಖ್ಯೆ ಮಾತ್ರ ಇರಲಿ.

2. 15 ಮಿಲಿಲೀಟರ್ ಸಾಕು. ಮೊದಲು ಬಾಯಿ ಸ್ವಲ್ಪ ತೆರೆದು, ದೂರದಿಂದ ಮೂಸಬೇಕು. ಬಳಿಕ ಒಂದು ಗುಟುಕು. ಹೆಚ್ಚು ಮಾದರಿಗಳಿದ್ದರೆ ಉಗುಳಬೇಕು.

3. ಆಮೇಲೆ ಕೆಲವು ಹನಿ ನೀರು ಬೆರೆಸಿ ಮತ್ತೆ ನೋಡಬೇಕು. ಮದ್ಯಸಾರದ ಉರಿ ತಗ್ಗಿದಾಗ ಪರಿಮಳ ಬಿಡಿಯಾಗಿ ತಿಳಿಯುತ್ತದೆ.

4. ಅನಿಸಿದ್ದನ್ನು ಮಾತಾಡುವ ಮುಂಚೆ ಬರೆದಿಡಬೇಕು. ಮೊದಲು ಮಾತಾಡಿದವನ ನಾಲಗೆಯೇ ಎಲ್ಲರ ನಾಲಗೆಯಾಗುವ ಅಪಾಯವಿದೆ.

5. ಸಂದೇಹವಿದ್ದರೆ ತ್ರಿಕೋನ ಪರೀಕ್ಷೆ: ಮೂರು ಲೋಟ, ಎರಡರಲ್ಲಿ ಒಂದೇ ವಿಸ್ಕಿ. ಬೇರೆಯದನ್ನು ಗುರುತಿಸಬೇಕು. ಸುಮ್ಮನೆ ಊಹಿಸಿದರೂ ಮೂರರಲ್ಲೊಂದು ಸಲ ಸರಿಯಾಗುತ್ತದೆ. ಸತತ ನಾಲ್ಕು ಸಲ ಸರಿಯಾಗುವುದು 81ರಲ್ಲಿ ಒಂದೇ ಸಲ. ಆದ್ದರಿಂದ ಪುನರಾವರ್ತನೆ ಅಗತ್ಯ.

ಈಗ ನಮ್ಮ ಮಾತು. ಕಳೆದ ಹಂಗಾಮಿನಲ್ಲಿ ಸದಸ್ಯರ ಕಾಫಿ ಮಾದರಿಗಳಿಗೆ ಕಚೇರಿಯಲ್ಲಿ ಅಂಕ ಕೊಟ್ಟವನು ನಾನೇ. ಪ್ರತಿ ಪೊಟ್ಟಣದ ಮೇಲೂ ಹೆಸರಿತ್ತು. ಎರಡು ಎಕರೆಯ ಸದಸ್ಯರೊಬ್ಬರ ರೊಬಸ್ಟಾ ಪಾರ್ಚ್‌ಮೆಂಟ್‌ಗೆ 'ಸಾಧಾರಣ' ಎಂದು ಬರೆದಿದ್ದೆ. ವಿಸ್ಕಿಯ ಪ್ರಸಂಗ ನಡೆದ ಮೇಲೆ ಮನಸ್ಸು ತಡೆಯಲಿಲ್ಲ. ಉಳಿದಿದ್ದ ಮಾದರಿಗಳನ್ನು ಗುಮಾಸ್ತರಿಂದ ಹುರಿಸಿ, ಬಟ್ಟಲುಗಳಿಗೆ ಸಂಖ್ಯೆ ಹಾಕಿಸಿ, ಮೂರು ದಿನ ಕುಡಿದು ನೋಡಿದೆ. ಮೂರು ದಿನವೂ ನಾನು ಅತಿ ಹೆಚ್ಚು ಅಂಕ ಕೊಟ್ಟ ಬಟ್ಟಲು ಅವರದೇ. ಅಷ್ಟರಲ್ಲಿ ಅವರ ಕಾಫಿ ಸಾಧಾರಣ ದರಕ್ಕೆ ಹೋಗಿಯಾಗಿತ್ತು. ಅವರ ಮನೆಗೆ ಹೋಗಿ ವಿಷಯ ತಿಳಿಸಿದ್ದೇನೆ. ನಷ್ಟ ತುಂಬಿಕೊಡುವುದು ಮಾತಿನಿಂದಾಗುವ ಕೆಲಸವಲ್ಲ ಎಂಬುದೂ ನನಗೆ ಗೊತ್ತು.

ಆದ್ದರಿಂದ ಈ ಹಂಗಾಮಿನಿಂದ ಮಾದರಿ ತರುವವರು ಪೊಟ್ಟಣದ ಮೇಲೆ ಹೆಸರು ಬರೆಯಬಾರದು. ಹೆಸರಿನ ಚೀಟಿಯನ್ನು ಮಡಿಸಿ ಗುಮಾಸ್ತರ ಕೈಗೆ ಕೊಡಬೇಕು. ಅಂಕ ಬರೆದಾಗುವವರೆಗೆ ಆ ಚೀಟಿಯನ್ನು ಯಾರೂ ತೆರೆಯತಕ್ಕದ್ದಲ್ಲ, ಕಾರ್ಯದರ್ಶಿಯೂ ಸೇರಿದಂತೆ.

– ಕಾರ್ಯದರ್ಶಿ