ಹಳೆಯ ಕಾರಿನ ಬ್ರೇಕು ಏಕಾಏಕಿ ಕೈಕೊಟ್ಟರೆ

ಪಾಲಹಳ್ಳಿ, ಬೆಳಗೊಳ ಮತ್ತು ಸುತ್ತಣ ಗ್ರಾಮಗಳಲ್ಲಿ ಹಿಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಕೊಟ್ಟಿಗೆಯಲ್ಲಿ ಈಗ ಹಳೆಯ ಮಾರುತಿ 800, ಓಮ್ನಿ ಅಥವಾ ಆಲ್ಟೊ ನಿಂತಿರುವುದು ಸಾಮಾನ್ಯ ನೋಟವಾಗಿದೆ. ಮಾರುತಿ 800 ಕಾರಿನ ತಯಾರಿಕೆ 2014ರಲ್ಲಿ ನಿಂತಿತು, ಓಮ್ನಿಯದು 2019ರಲ್ಲಿ. ಆದರೂ ಆಸ್ಪತ್ರೆಗೆ, ಸಂತೆಗೆ, ನೆಂಟರ ಮನೆಯ ಮದುವೆಗೆ ಇವೇ ನಮಗೆ ಆಧಾರ. ಇಂತಹ ವಾಹನಗಳ ಎಂಜಿನ್ನಿನ ಬಗ್ಗೆ ಮಾಲೀಕರು ತೋರುವ ಕಾಳಜಿಯನ್ನು ಬ್ರೇಕಿನ ಬಗ್ಗೆ ತೋರುವುದಿಲ್ಲ. ಎಂಜಿನ್ ಕೆಟ್ಟರೆ ಗಾಡಿ ಹೊರಡುವುದಿಲ್ಲ, ಆದಕಾರಣ ಕೂಡಲೇ ರಿಪೇರಿಯಾಗುತ್ತದೆ. ಬ್ರೇಕು ಅರ್ಧ ಕೆಟ್ಟರೂ ಗಾಡಿ ಹೊರಡುತ್ತದೆ. ಅಪಾಯವಿರುವುದು ಅಲ್ಲಿಯೇ.

ನಮ್ಮ ಸೀಮೆಯ ರಸ್ತೆಗಳು ಎಂತಹವೆಂಬುದನ್ನು ನೀವು ಬಲ್ಲಿರಿ. ವಿರಿಜಾ ನಾಲೆ, ಚಿಕ್ಕದೇವರಾಯಸಾಗರ ನಾಲೆ, ವಿಶ್ವೇಶ್ವರಯ್ಯ ನಾಲೆ ಇವುಗಳ ಏರಿಯ ಮೇಲೂ ಪಕ್ಕದಲ್ಲೂ ನಾವು ಓಡಾಡುತ್ತೇವೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕು ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಮಂದಿ ತೀರಿಕೊಂಡರು. ಅವರಲ್ಲಿ ಶಾಲೆಯ ಮಕ್ಕಳೂ ಇದ್ದರು. ಅದಕ್ಕೆ ಬ್ರೇಕೇ ಕಾರಣವೆಂದು ಇಲ್ಲಿ ಹೇಳುತ್ತಿಲ್ಲ. ನಾಲೆಯ ಪಕ್ಕದ ರಸ್ತೆಯಲ್ಲಿ ತಪ್ಪಿಗೆ ಎಷ್ಟು ಕಡಮೆ ಜಾಗವಿದೆ ಎಂಬುದನ್ನು ನೆನಪಿಸಬೇಕಾಗಿದೆ, ಅಷ್ಟೇ. ಇನ್ನೊಂದೆಡೆ, 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಇದೇ ಹಳೆಯ ಕಾರುಗಳು ಹೊಸ ಕಾರುಗಳ ನಡುವೆ ಓಡುತ್ತಿವೆ. ಒಳ್ಳೆಯ ಬ್ರೇಕುಳ್ಳ ಕಾರು ಒಣ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದ್ದಾಗ, ಬ್ರೇಕು ಹಿಡಿದ ಮೇಲೆ ಸುಮಾರು 10 ಮೀಟರು ಓಡಿ ನಿಲ್ಲುತ್ತದೆ. 80ರ ವೇಗದಲ್ಲಿದ್ದರೆ 40 ಮೀಟರು ಬೇಕು. ವೇಗ ಎರಡರಷ್ಟಾದರೆ ದೂರ ನಾಲ್ಕರಷ್ಟಾಗುತ್ತದೆ. ಕಾಲು ಪೆಡಲಿಗೆ ಹೋಗುವಷ್ಟರಲ್ಲಿ ಓಡಿದ ದೂರ ಇದರಲ್ಲಿ ಸೇರಿಲ್ಲ.

ಬ್ರೇಕು ಕೆಲಸ ಮಾಡುವ ಬಗೆಯನ್ನು ಮೊದಲು ತಿಳಿದುಕೊಳ್ಳಿ. ಓಕುಳಿಯಾಟದ ಪಿಚಕಾರಿಯನ್ನು ನೆನೆಯಿರಿ. ಎರಡು ಪಿಚಕಾರಿಗಳ ಬಾಯನ್ನು ಒಂದು ಕೊಳವೆಯಿಂದ ಸೇರಿಸಿ ನೀರು ತುಂಬಿದರೆ, ಒಂದರ ಹಿಡಿಯನ್ನು ಒತ್ತಿದಾಗ ಮತ್ತೊಂದರ ಹಿಡಿ ಹೊರಕ್ಕೆ ಬರುತ್ತದೆ. ಕಾರಿನಲ್ಲಿ ಕಾಲಿನ ಕಡೆಯ ಪಿಚಕಾರಿಗೆ ಮಾಸ್ಟರ್ ಸಿಲಿಂಡರ್ ಎಂದು ಹೆಸರು. ಚಕ್ರಗಳ ಬಳಿ ಇರುವವು ಹಿಂದೆ ವೀಲ್ ಸಿಲಿಂಡರ್, ಮುಂದೆ ಕ್ಯಾಲಿಪರ್. ನಡುವೆ ತುಂಬಿರುವುದು ಬ್ರೇಕ್ ಆಯಿಲ್. ಮುಂದಿನ ಚಕ್ರದಲ್ಲಿ ಪ್ಯಾಡುಗಳು ಡಿಸ್ಕನ್ನು ಎರಡು ಕಡೆಯಿಂದ ಹಿಡಿಯುತ್ತವೆ. ಹಿಂದೆ ಶೂಗಳು ಡ್ರಮ್ಮಿನ ಒಳಮೈಯನ್ನು ಒತ್ತುತ್ತವೆ. ನೀರಾಗಲಿ ಆಯಿಲ್ ಆಗಲಿ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಈ ಒಂದು ಸಂಗತಿ ತಿಳಿದರೆ ಅರ್ಧ ದೋಷಗಳ ಗುಟ್ಟು ತಿಳಿದಂತೆಯೇ.

“ನಿನ್ನೆ ಚೆನ್ನಾಗಿತ್ತು, ಇವತ್ತು ಹಿಡಿಯಲಿಲ್ಲ” ಎಂದು ಎಲ್ಲರೂ ಹೇಳುತ್ತಾರೆ. ನಿಜವಾಗಿ ನೋಡಿದರೆ ಬ್ರೇಕು ಬಹುಮಟ್ಟಿಗೆ ಮುನ್ಸೂಚನೆ ಕೊಟ್ಟೇ ಕೆಡುತ್ತದೆ, ಮತ್ತು ಆ ಸೂಚನೆ ನಿಮ್ಮ ಪಾದಕ್ಕೆ ತಿಳಿಯುತ್ತದೆ. ಪೆಡಲು ಸ್ಪಂಜಿನಂತೆ ಮೆತ್ತಗಾಗಿ, ಎರಡು ಮೂರು ಸಲ ತುಳಿದ ಮೇಲೆ ಗಟ್ಟಿಯಾದರೆ ಕೊಳವೆಯಲ್ಲಿ ಗಾಳಿ ಸೇರಿದೆ ಎಂದು ಬಹುಪಾಲು ಹೇಳಬಹುದು. ಮೆತ್ತಗಿಲ್ಲದೆ ಬರೇ ಕೆಳಕ್ಕೆ ಇಳಿದು ಹಿಡಿಯುತ್ತಿದ್ದರೆ ಹಿಂದಿನ ಶೂಗಳು ಸವೆದಿರಬಹುದು, ಇಲ್ಲವೇ ಅವನ್ನು ಹೊಂದಿಸಬೇಕಾಗಿರಬಹುದು. ಪೆಡಲನ್ನು ಒಂದೇ ಸಮನಾಗಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅದು ನಿಧಾನವಾಗಿ ತಳಕ್ಕೆ ಇಳಿದುಹೋದರೆ ಎಲ್ಲೋ ಸೋರಿಕೆಯುಂಟು. ಚಕ್ರಗಳ ಒಳಬದಿ, ಕೊಳವೆಗಳ ಕೀಲು, ಪೆಡಲಿನ ಮೇಲ್ಭಾಗ ಎಲ್ಲವೂ ಒಣಗಿದ್ದು, ಡಬ್ಬಿಯ ಆಯಿಲ್ ಸಹ ಕಡಮೆಯಾಗದಿದ್ದರೆ ಆಗ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಸವೆದಿದೆ. ಈ ಕೊನೆಯ ದೋಷ ಬಹು ಮೋಸದ್ದು. ಜೋರಾಗಿ ತುಳಿದರೆ ಬ್ರೇಕು ಹಿಡಿಯುತ್ತದೆ, ಮೆಲ್ಲಗೆ ಒತ್ತಿ ನಿಂತರೆ ಕೈಬಿಡುತ್ತದೆ. ಆದುದರಿಂದ ಗ್ಯಾರೇಜಿನ ಮುಂದೆ ಒಂದು ಸುತ್ತು ಓಡಿಸಿ ನೋಡಿದವರಿಗೆ ಇದು ಸಿಕ್ಕುವುದಿಲ್ಲ.

ಪೆಡಲು ಕಲ್ಲಿನಂತೆ ಗಟ್ಟಿಯಾಗಿ, ಎಷ್ಟು ತುಳಿದರೂ ಗಾಡಿ ನಿಧಾನವಾಗಿ ನಿಲ್ಲುತ್ತಿದ್ದರೆ ಬೂಸ್ಟರನ್ನು ಸಂಶಯಿಸಬೇಕು. ಎಂಜಿನ್ ಎಳೆಯುವ ಗಾಳಿಯ ಸಹಾಯದಿಂದ ಇದು ನಿಮ್ಮ ಕಾಲಿಗೆ ಬಲ ಕೂಡಿಸುತ್ತದೆ. ಪರೀಕ್ಷೆ ಸುಲಭ, ಕಾಸಿನ ಖರ್ಚಿಲ್ಲ. ಎಂಜಿನ್ ನಿಲ್ಲಿಸಿ, ಪೆಡಲು ಗಟ್ಟಿಯಾಗುವವರೆಗೆ ನಾಲ್ಕೈದು ಸಲ ತುಳಿಯಿರಿ. ಕಾಲು ತೆಗೆಯದೆ ಎಂಜಿನ್ ಚಾಲೂ ಮಾಡಿರಿ. ಪೆಡಲು ಒಂದಿಷ್ಟು ತಾನೇ ಕೆಳಗಿಳಿದರೆ ಬೂಸ್ಟರ್ ಸರಿಯಾಗಿದೆ. ಇಳಿಯದಿದ್ದರೆ ಮೊದಲು ಎಂಜಿನ್ನಿನಿಂದ ಬೂಸ್ಟರಿಗೆ ಬರುವ ರಬ್ಬರು ಕೊಳವೆಯನ್ನು ನೋಡಿಸಿರಿ. ಕೊಟ್ಟಿಗೆಯಲ್ಲಿ ನಿಲ್ಲುವ ಗಾಡಿಗಳಲ್ಲಿ ಇಲಿ ಕಡಿದ ಕೊಳವೆ ಅಪರೂಪವೇನಲ್ಲ. ಕೊಳವೆ ಬದಲಿಸಿದರೆ ಹೋಗುವ ದೋಷಕ್ಕೆ ಬೂಸ್ಟರನ್ನೇ ಬದಲಿಸುವುದು ದಂಡ.

ಬ್ರೇಕು ಹಾಕಿದಾಗ ಗಾಡಿ ಎಡಕ್ಕೋ ಬಲಕ್ಕೋ ಎಳೆಯುವುದುಂಟು. ಇಲ್ಲಿ ಬಹುಮಂದಿ ತಪ್ಪು ತಿಳಿಯುತ್ತಾರೆ. ಗಾಡಿ ಎಡಕ್ಕೆ ಎಳೆದರೆ ಎಡಚಕ್ರ ಹೆಚ್ಚು ಹಿಡಿಯುತ್ತಿದೆ ಎಂದರ್ಥ. ಎಡಚಕ್ರ ಸರಿಯಾಗಿಯೇ ಇದ್ದು, ಬಲಚಕ್ರವೇ ಹಿಡಿಯದೆ ಇರಬಹುದು. ಆದುದರಿಂದ ಎಳೆಯುವ ಕಡೆಯನ್ನು ಮಾತ್ರ ಬಿಚ್ಚಿ ನೋಡದೆ ಎರಡೂ ಕಡೆ ಬಿಚ್ಚಿಸತಕ್ಕದ್ದು. ಇನ್ನು ಬ್ರೇಕು ಬಿಟ್ಟ ಮೇಲೂ ಚಕ್ರ ಹಿಡಿದುಕೊಂಡೇ ಇರುವುದು. ಬ್ರೇಕನ್ನು ಹೆಚ್ಚು ಬಳಸದೆ ಮೂರು ನಾಲ್ಕು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಚಕ್ರಗಳ ಹತ್ತಿರ ಅಂಗೈ ಒಡ್ಡಿ ನೋಡಿರಿ, ಮುಟ್ಟಬೇಡಿ, ಸುಡುತ್ತದೆ. ಒಂದು ಚಕ್ರ ಮಾತ್ರ ಕಾದಿದ್ದರೆ ಅಲ್ಲಿ ಪಿಸ್ಟನ್ ತುಕ್ಕು ಹಿಡಿದು ಸಿಕ್ಕಿಕೊಂಡಿರಬಹುದು, ಹ್ಯಾಂಡ್ ಬ್ರೇಕಿನ ತಂತಿ ಹಿಂದಕ್ಕೆ ಬಾರದೆ ಇರಬಹುದು, ಅಥವಾ ರಬ್ಬರು ಹೋಸ್ ಒಳಗೊಳಗೇ ಊದಿ ಆಯಿಲ್ ಹಿಂದಿರುಗದಂತೆ ಮಾಡಿರಬಹುದು. ಹೊರಗಿನಿಂದ ಹೊಸದರಂತೆ ಕಾಣುವ ಹೋಸಿನಲ್ಲಿಯೂ ಈ ದೋಷವಿರುತ್ತದೆ.

ಶಬ್ದದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಮಳೆಯ ಮಾರನೆಯ ಬೆಳಗ್ಗೆ ಕೇಳುವ ಕರಕರ ಶಬ್ದ ಡಿಸ್ಕಿನ ಮೇಲಿನ ತುಕ್ಕಿನದು. ನಾಲ್ಕು ಸಲ ಬ್ರೇಕು ಹಾಕಿದರೆ ಹೋಗುತ್ತದೆ. ಹೋಗದೆ ಕಬ್ಬಿಣ ಉಜ್ಜಿದಂತೆ ಕೇಳಿದರೆ ಪ್ಯಾಡು ಮುಗಿದಿದೆ. ಆಗಲೂ ಓಡಿಸಿದರೆ ಡಿಸ್ಕೂ ಹಾಳಾಗಿ ಖರ್ಚು ಇಮ್ಮಡಿಯಾಗುತ್ತದೆ.

ಬ್ರೇಕ್ ಆಯಿಲಿನ ಬಗ್ಗೆ ಮಾತ್ರ ನಿಧಾನವಾಗಿ ಓದಿರಿ. ಈ ಆಯಿಲ್ ಗಾಳಿಯಲ್ಲಿನ ತೇವವನ್ನು ಬೆಲ್ಲದಂತೆ ಹೀರಿಕೊಳ್ಳುತ್ತದೆ. ‘ಡಾಟ್ 3’ ಎಂಬ ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ತೇವ ಸೇರಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ಮೇಲುಕೋಟೆಯಿಂದಲೋ ಚಾಮುಂಡಿ ಬೆಟ್ಟದಿಂದಲೋ ತುಂಬಿದ ಗಾಡಿಯನ್ನು ಉದ್ದಕ್ಕೂ ಬ್ರೇಕು ಒತ್ತಿಕೊಂಡೇ ಇಳಿಸಿದರೆ ಚಕ್ರಗಳು ಕಾಯುತ್ತವೆ, ಆಯಿಲ್ ಕುದಿದು ಆವಿಯಾಗುತ್ತದೆ. ಆವಿ ಗಾಳಿಯಂತೆಯೇ ಕುಗ್ಗುವುದರಿಂದ ಪೆಡಲು ತಳಕ್ಕೆ ಹೋಗುತ್ತದೆ. ಬೆಟ್ಟದ ಬುಡದಲ್ಲಿ ಅರ್ಧ ಗಂಟೆ ನಿಂತರೆ ಬ್ರೇಕು ಮತ್ತೆ ಬರುತ್ತದೆ. ಮೆಕ್ಯಾನಿಕ್ ನೋಡಿದಾಗ ದೋಷವೇ ಕಾಣುವುದಿಲ್ಲ! ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು, ಇಳಿಜಾರಿನಲ್ಲಿ ಎರಡನೆಯ ಗೇರಿನಲ್ಲಿ ಇಳಿಯುವುದು, ಇವೆರಡೇ ಇದಕ್ಕೆ ಮದ್ದು. ಆಯಿಲ್ ಕಡಮೆಯಾಯಿತೆಂದು ಡಬ್ಬಿಗೆ ಎಂಜಿನ್ ಆಯಿಲನ್ನು ಎಂದಿಗೂ ಸುರಿಯಕೂಡದು. ಅದರಿಂದ ಒಳಗಿನ ರಬ್ಬರೆಲ್ಲ ಊದಿ, ಕೆಲವು ನೂರು ರೂಪಾಯಿಯ ಕೆಲಸ ಹಲವು ಸಾವಿರಕ್ಕೆ ಏರುತ್ತದೆ.

ಖರ್ಚಿನ ಮಾತಿಗೆ ಬರೋಣ. ಸಣ್ಣ ಹಳೆಯ ಕಾರಿಗೆ ಆಯಿಲ್ ಬದಲಿಸಿ ಏರ್ ತೆಗೆಸುವುದು ಕೂಲಿಯೂ ಸೇರಿ 500ರಿಂದ 1,000 ರೂಪಾಯಿಯ ಕೆಲಸ. ಮುಂದಿನ ಪ್ಯಾಡುಗಳಿಗೆ 1,000ದ ಆಸುಪಾಸು, ಹಿಂದಿನ ಶೂಗಳಿಗೂ ಹೆಚ್ಚುಕಡಮೆ ಅಷ್ಟೇ. ವೀಲ್ ಸಿಲಿಂಡರ್ ಕೆಲವು ನೂರು. ಮಾಸ್ಟರ್ ಸಿಲಿಂಡರ್ 2,000–3,000, ಬೂಸ್ಟರ್ ಅದಕ್ಕಿಂತ ಮೇಲೆ. ಇವು ಅಂದಾಜು ಮಾತ್ರ. ಮಾದರಿ ಮತ್ತು ಅಂಗಡಿಯಂತೆ ಬದಲಾಗುತ್ತವೆ. ನಕಲಿ ಸಾಮಾನು ಅರ್ಧ ಬೆಲೆಗೆ ಸಿಗುತ್ತದೆ. ಬೇರೆಡೆ ಉಳಿಸಿರಿ, ಬ್ರೇಕಿನಲ್ಲಿ ಬೇಡ. ಪ್ಯಾಡು, ಶೂಗಳನ್ನು ಎಡಬಲ ಜೊತೆಯಾಗಿಯೇ ಹಾಕಿಸಬೇಕು. ಯಾವ ಸಾಮಾನು, ಏತಕ್ಕೆ, ಎಷ್ಟು ಎಂಬುದನ್ನು ಮೊದಲೇ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ, ತೆಗೆದ ಹಳೆಯ ಸಾಮಾನನ್ನು ಕೈಗೆ ಕೇಳಿ ಪಡೆಯಿರಿ. “ಎಲ್ಲಾ ಸೆಟ್ಟೂ ಬದಲಾಯಿಸಿಬಿಡೋಣ” ಎನ್ನುವ ಮೆಕ್ಯಾನಿಕ್ಕಿಗಿಂತ, ಮೊದಲು ನಾಲ್ಕು ಚಕ್ರ ಬಿಚ್ಚಿ ನೋಡುವವನು ಮೇಲು. ಹಳೆಯ ಲೈನಿಂಗಿನ ಧೂಳಿನಲ್ಲಿ ಕಲ್ನಾರು ಇರಬಹುದಾದ್ದರಿಂದ ಅದನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು.

“ಗಾಡಿಯ ಬೆಲೆಯೇ 40,000, ಬ್ರೇಕಿಗೆ 8,000 ಹಾಕುವುದೇ?” ಎನ್ನುವವರುಂಟು. 15 ವರ್ಷ ತುಂಬಿದ ಕಾರಿನ ನೋಂದಣಿಯನ್ನು ನವೀಕರಿಸುವಾಗ ಗಾಡಿಯನ್ನು ತಪಾಸಣೆಗೆ ಒಪ್ಪಿಸಬೇಕು. 2022ರ ಏಪ್ರಿಲ್‌ನಿಂದ ಈ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಆಯಿತು. ಈ ಶುಲ್ಕ, ಬ್ರೇಕು, ಟೈರು ಮೂರನ್ನೂ ಒಟ್ಟಿಗೆ ಲೆಕ್ಕ ಹಾಕಿರಿ. ಲೆಕ್ಕ ಹೊಂದದಿದ್ದರೆ ಗಾಡಿಯನ್ನು ಗುಜರಿಗೆ ಕೊಡುವುದು ನ್ಯಾಯ. ಬ್ರೇಕಿಲ್ಲದ ಗಾಡಿಯನ್ನು “ಊರೊಳಗೆ ಓಡಿಸಲು ಸಾಕು” ಎಂದು ಇಟ್ಟುಕೊಳ್ಳುವುದು ನ್ಯಾಯವಲ್ಲ. ಮಕ್ಕಳು ಅಡ್ಡ ಬರುವುದು ಊರೊಳಗೇ.

ಓಡುವಾಗಲೇ ಪೆಡಲು ತಳಕ್ಕೆ ಹೋದರೆ ಗಾಬರಿಯಾಗದೆ ಬೇಗಬೇಗ ಹಲವು ಸಲ ತುಳಿಯಿರಿ. ಬಹುಪಾಲು ಕಾರುಗಳಲ್ಲಿ ಆಯಿಲಿನ ದಾರಿ ಎರಡು ಭಾಗವಾಗಿರುವುದರಿಂದ ಒಂದು ಸೋತರೂ ಇನ್ನೊಂದು ಸ್ವಲ್ಪ ಹಿಡಿಯುತ್ತದೆ. ಗೇರನ್ನು ಒಂದೊಂದಾಗಿ ಇಳಿಸಿರಿ. ಹ್ಯಾಂಡ್ ಬ್ರೇಕು ತಂತಿಯಿಂದ ಹಿಂದಿನ ಚಕ್ರಗಳನ್ನು ಬೇರೆಯಾಗಿಯೇ ಹಿಡಿಯುವುದರಿಂದ, ಅದರ ಗುಂಡಿಯನ್ನು ಒತ್ತಿಕೊಂಡೇ ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ಒಮ್ಮೆಲೇ ಎಳೆದರೆ ಗಾಡಿ ತಿರುಗಿಬೀಳುತ್ತದೆ. ಕೀಲಿಯನ್ನು ತೆಗೆಯಬೇಡಿ, ಸ್ಟೀರಿಂಗ್ ಬಿಗಿದುಕೊಳ್ಳುತ್ತದೆ. ನಾಲೆಯ ಏರಿಯ ಮೇಲಿದ್ದರೆ ನೀರಿನ ಕಡೆಯಿಂದ ದೂರಕ್ಕೆ, ಗದ್ದೆಯ ಬದಿಯ ಮಣ್ಣಿಗೋ ಬೇಲಿಗೋ ಗಾಡಿಯನ್ನು ಒರಗಿಸಿರಿ.

ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವ ಗಾಡಿಗೆ ಹ್ಯಾಂಡ್ ಬ್ರೇಕು ಎಳೆದಿಡಬೇಡಿ, ಶೂಗಳು ಡ್ರಮ್ಮಿಗೆ ಅಂಟಿಕೊಳ್ಳುತ್ತವೆ. ಸಮತಟ್ಟಾದ ಜಾಗದಲ್ಲಿ ಮೊದಲ ಗೇರಿಗೆ ಹಾಕಿ, ಚಕ್ರದ ಹಿಂದೆಯೂ ಮುಂದೆಯೂ ಒಂದೊಂದು ಕಲ್ಲು ಕೊಟ್ಟು ನಿಲ್ಲಿಸಿರಿ. ಹೊರಡುವಾಗ ಕಲ್ಲು ತೆಗೆದು, ಅಂಗಳದಲ್ಲಿಯೇ ಒಮ್ಮೆ ಬ್ರೇಕು ತುಳಿದು ನೋಡಿ ರಸ್ತೆಗೆ ಇಳಿಯಿರಿ.